ಅಂಟಿನ ಉಂಡಿಯಿಂದ ಎರಡು ಟ್ಯೂಬಿನ ತನಕ



ಹೋದ ವಾರ ಒಂದ ದಿವಸದಾಗ ನನಗ ಮೂರು ಫೋನ್ ಬಂದ್ವು. ಒಬ್ಬಾಕಿದು ಸಿಂಕಿನ ಕೆಳಗಿನ ಪೈಪು ಸೋರ್ಲಿಕ್ಕೆ ಹತ್ತಿತ್ತು. ಇನ್ನೊಬ್ಬಾಕಿ ಮಗಳ ಜುಮಕಿ ಹರಳು ಉದುರಿತ್ತು. ಮತ್ತೊಬ್ಬರ ದೇವರ ಮನ್ಯಾಗಿನ ಅಮೃತಶಿಲೆ ಆಮಿದು ಒಂದು ಕಾಲು ಮುರದಿತ್ತು. ಮೂರೂ ಮಂದಿ ಕೇಳಿದ್ದು ಒಂದ ಮಾತು: "ಇದನ್ನ ಯಾವದ್ರಲೆ ಹಚ್ಚಲಿ?"

ನನ್ನ ಯಾಕ ಕೇಳತಾರ ಅಂದ್ರ, ನಮ್ಮ ಮನಿ ಕೆಳಗ ಮಾವನವರ ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ನಾ ಲಗ್ನಾಗಿ ಬಂದಾಗ ನಮ್ಮ ಅಡಗಿ ಮನಿ ಕಿಟಕಿ ಕಟ್ಟಿ ಮ್ಯಾಲೆ ಕೊಬ್ಬರಿ ಎಣ್ಣಿ ಬಾಟ್ಲಿ ಬಾಜೂಕ ಎರಡು ಟ್ಯೂಬಿನ ಡಬ್ಬಿ ಯಾವಾಗಲೂ ಇರತಿತ್ತು. ಏನ ಮುರದರೂ ಮಾವನವರು ಅದನ್ನ ಕಲಸಿ ಹಚ್ಚೋರು. ನೋಡಿ ನೋಡಿ ನಾನೂ ಕಲತೆ. ಕಲತೆ ಅಂತ ನಾ ತಿಳಕೊಂಡಿದ್ದೆ ಅನ್ನೋದು ಖರೆ.

ಯಾಕಂದ್ರ ಮೂರು ವರ್ಷದ ಹಿಂದ ನಮ್ಮ ನಾದಿನಿ ಫೋನ್ ಮಾಡಿ, "ವೈನಿ, ಕುಕ್ಕರಿನ ಹಿಡಕಿ ಸಡ್ಲ ಆಗಿ ಬಿರಕ ಬಿಟ್ಟದ, ಏನ ಮಾಡಲಿ?" ಅಂತ ಕೇಳಿದಾಗ, ನಾ ಒಗ್ಗರಣಿ ಹಾಕ್ಕೋತ, "ಎಪಾಕ್ಸಿ ಹಚ್ಚಿ ಒಂದ ದಿನಾ ಬಿಡು, ಕಲ್ಲಾಗತದ" ಅಂದುಬಿಟ್ಟೆ. ಅಕಿ ಹಚ್ಚಿದ್ಲು. ಕಲ್ಲೂ ಆತು. ಹತ್ತು ದಿನಾ ಛಲೋನೂ ನಡೀತು. ಹನ್ನೊಂದನೇ ದಿನಾ ಬಿಸಿ ಕುಕ್ಕರ್ ಒಲಿ ಮ್ಯಾಲಿಂದ ಎತ್ತೂ ಮುಂದ ಹಿಡಕಿ ಕೈಯಾಗ ಉಳೀತು, ಕುದಿಯೋ ಬ್ಯಾಳಿ ಅಕಿ ಕಾಲ ಮ್ಯಾಲೆ ಬಿತ್ತು. ಒಂದೂವರೆ ತಿಂಗಳು ಚಪ್ಪಲ್ ಹಾಕ್ಕೊಳ್ಳಿಕ್ಕೆ ಬರಲಿಲ್ಲ ಪಾಪ. ಕಲಿ ಇನ್ನೂ ಅದ.

ಅಕಿ ನನಗ ಒಂದ ಮಾತೂ ಅನ್ನಲಿಲ್ಲ. ಅದಕ್ಕ ನನಗ ಜಾಸ್ತಿ ಹತ್ತಿತು. ಅವತ್ತಿನಿಂದ ನಾನು ಈ ಅಂಟಿನ ಕತಿ ಮೊದಲಿನಿಂದ ತಿಳಕೊಳ್ಳಿಕ್ಕೆ ಸುರು ಮಾಡಿದೆ. ಯಾವ ಅಂಟು ಎಲ್ಲಿಂದ ಬಂತು, ಯಾರಿಗೆ ಬೇಕಾಗಿತ್ತು, ಯಾವದಕ್ಕ ಹುಟ್ಟಿತು ಅನ್ನೋದು ತಿಳದರ ಯಾವದಕ್ಕ ಹಚ್ಚಬೇಕು, ಯಾವದಕ್ಕ ಹಚ್ಚಬಾರದು ಅನ್ನೋದು ತಾನ ತಿಳೀತದ. ಇವತ್ತ ಅದನ್ನ ನಿಮ್ಮ ಮುಂದ ಹೇಳತೀನಿ.

ಅಂಟು ಅಂದ ಕೂಡಲೇ ನಮ್ಮ ಕಡೆ ಮಂದಿಗೆ ಮೊದಲ ನೆನಪಾಗೋದು ಅಂಟಿನ ಉಂಡಿ. ಬಾಣಂತಿಗೆ ನಡಾ ಗಟ್ಟಿ ಆಗಲಿ ಅಂತ ತುಪ್ಪದಾಗ ಅಂಟು ಕರದು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಕಟ್ಟೋದು. ಗೋಕಾಕ, ಅಮೀನಗಡದ ಕರದಂಟಿನ ಹೆಸರಿನಾಗ ಇರೋದೂ ಅದ, ಕರದ ಅಂಟು. ಆ ಅಂಟು ಬರೋದು ಜಾಲಿಯಂಥಾ ಗಿಡದ ತೊಗಟಿಯಿಂದ. ಗಿಡಕ್ಕ ಗಾಯ ಆದ್ರ ಅದು ತನ್ನ ಗಾಯ ತಾನ ಮುಚ್ಚಿಕೊಳ್ಳಿಕ್ಕೆ ಬಿಡೋ ರಸ ಅದು. ಅದನ್ನ ನೀರಾಗ ನೆನಸಿದ್ರ ಕಾಗದ ಹಚ್ಚೋ ಗೋಂದು, ತುಪ್ಪದಾಗ ಕರದರ ಉಂಡಿ. ಅಂಚೆ ಚೀಟಿ ಹಿಂದ, ಲಕೋಟಿ ಅಂಚಿಗೆ ನಾವು ನಾಲಿಗಿ ಹಚ್ಚಿ ಅಂಟಸ್ತಿದ್ವಿ ನೋಡ್ರಿ, ಅದೂ ಇಂಥಾದ್ದ. ಆದ್ರ ಒಂದು ಕುಂದು. ನೀರು ಕಂಡರ ಅದು ಕೈಬಿಡತದ.

ನೀರಿಗೆ ಹೆದರಲಾರದ್ದು ಅರಗು. ಮುತ್ತಗ, ಬಾರಿ ಗಿಡದ ಟೊಂಗಿ ಮ್ಯಾಲೆ ಕೂಡೋ ಸಣ್ಣ ಹುಳ ಗಿಡದ ರಸ ಕುಡದು ಮೈ ಸುತ್ತ ಕಟ್ಟಿಕೊಳ್ಳೋ ಗೂಡ ಅರಗು. ಒಂದೊಂದು ಟೊಂಗಿಗೆ ಲೆಕ್ಕಾ ಇಲ್ಲದಷ್ಟು ಹುಳ ಕೂಡತಾವ, ಅದಕ್ಕ ಸಂಸ್ಕೃತದಾಗ ಲಾಕ್ಷಾ ಅಂತಾರ. ಮಹಾಭಾರತದ ಅರಗಿನ ಮನಿ ಕತಿ ನಾವೆಲ್ಲಾ ಸಣ್ಣವರಿದ್ದಾಗ ಕೇಳೇವಿ. ಪತ್ತಾರರು ಟೊಳ್ಳ ಗುಂಡಿನ ಒಳಗ ಅರಗು ತುಂಬತಾರ, ಚನ್ನಪಟ್ಟಣದ ಗೊಂಬಿಗೆ ಬಣ್ಣ ಮೆರಗು ಕೊಡೋದೂ ಅದ ಅರಗು. ನಮ್ಮ ಅಜ್ಜಿ ಮನ್ಯಾಗ ಕುಡಗೋಲು, ಚಾಕು ಹಿಡಕಿಯಿಂದ ಕಳಚಿದ್ರ ಅಜ್ಜ ಹಿಡಕಿ ತೂತಿನಾಗ ಅರಗಿನ ಪುಡಿ ತುಂಬಿ, ಚಾಕುವಿನ ಬಾಲ ಕೆಂಡದಾಗ ಕಾಯಿಸಿ ಒತ್ತತಿದ್ದ. ಚುರ್ರ್ ಅಂತ ಸಪ್ಪಳಾಗಿ ಹೊಗಿ ಬರತಿತ್ತು. ಆರಿದ ಮ್ಯಾಲೆ ಎಳದರೂ ಬರತಿದ್ದಿಲ್ಲ. ಆದ್ರ ಅದ ಚಾಕು ಒಲಿ ಬಾಜೂ ಮರತು ಇಟ್ಟರ ಮತ್ತ ಕಳಚತಿತ್ತು. ಕಾವಿಗೆ ಕೂಡಿದ್ದು ಕಾವಿಗೇ ಬಿಡತದ. ಈ ಮಾತು ನೆನಪಿಡ್ರಿ, ಮುಂದ ಬರತದ.

ಇದೇನು ನಮ್ಮ ಅಜ್ಜನ ಕಾಲದ ವಿದ್ಯಾ ಅಲ್ಲ. 1991ರಾಗ ಇಟಲಿ, ಆಸ್ಟ್ರಿಯಾ ಗಡಿ ಹತ್ರ ಆಲ್ಪ್ಸ್ ಪರ್ವತದ ಹಿಮದಾಗ ಒಬ್ಬ ಮನಿಷ್ಯಾನ ಹೆಣ ಸಿಕ್ತು. ಅವ ಸತ್ತು ಸುಮಾರು 5,300 ವರ್ಷ ಆಗಿದ್ವು. ಅವನ ಹತ್ರ ಇದ್ದ ತಾಮ್ರದ ಕೊಡಲಿ ಕಟ್ಟಿಗಿ ಹಿಡಕಿಗೆ ಹತ್ತಿದ್ದು ಬರ್ಚ್ ಅನ್ನೋ ಗಿಡದ ತೊಗಟಿ ಸುಟ್ಟು ತಗದ ಕರೀ ಅಂಟಿನಿಂದ, ಮ್ಯಾಲೆ ಚರ್ಮದ ಪಟ್ಟಿ ಸುತ್ತಿತ್ತು. ಮೊಹೆಂಜೊದಾರೋದ ದೊಡ್ಡ ಹೊಂಡದ ಇಟ್ಟಂಗಿ ಗ್ವಾಡಿಯೊಳಗ ನೀರು ಸೋರಬಾರದು ಅಂತ ನೆಲದಿಂದ ಸಿಗೋ ಡಾಂಬರು ಬಳದಿದ್ರು. ಹಿಡಕಿ ಕಳಚೋದು, ನೀರು ಸೋರೋದು, ಇವೆರಡೂ ಹೆಂಗಸರ ಫೋನಿನಾಗ ಇವತ್ತಿಗೂ ಬರೋ ದೂರು. ಐದು ಸಾವಿರ ವರ್ಷದಿಂದ ಬದಲಾಗಿಲ್ಲ.

ನಮ್ಮ ಕಡೆ ಇನ್ನೊಂದು ಅಂಟು ಇತ್ತು, ಹುಣಸಿ ಬೀಜದ್ದು. ಬೀಜ ಹುರದು, ಸಿಪ್ಪಿ ತಗದು, ನೆನಸಿ ಅರದು ಕುದಿಸಿದ್ರ ಗಟ್ಟಿ ಅಂಬಲಿಯಂಥಾ ಅಂಟು ಆಗತದ. ಕಂಬಳಿ ನೇಯೋರು ಉಣ್ಣಿ ನೂಲಿಗೆ ಇದನ್ನ ಬಳದು ಬಿಗಿ ಮಾಡತಾರ. ಕೊಪ್ಪಳ ಹತ್ರದ ಕಿನ್ನಾಳದ ಚಿತ್ರಗಾರರು ಕಟ್ಟಿಗಿ ಗೊಂಬಿ ಕೈ ಕಾಲು ಕೂಡಸೋದೂ, ಕಟ್ಟಿಗಿ ಪುಡಿ, ತೊಯಿಸಿ ಒಣಗಿಸಿದ ಗೋಣಿನಾರು ಕಲಸಿ ಗೊಂಬಿಗೆ ಮೈ ತುಂಬೋದೂ ಈ ಹುಣಸಿ ಬೀಜದ ಅಂಟಿನಿಂದನ. ಬರೇ ಅಂಟು ಸಾಲದು, ಅದರಾಗ ಪುಡಿ ಕಲಸಿದ್ರ ಸಂದು ತುಂಬತದ ಅನ್ನೋದು ಅವರಿಗೆ ಗೊತ್ತಿತ್ತು. ಇವತ್ತ ಅಂಗಡ್ಯಾಗ ಸಿಗೋ ಎಂ-ಸೀಲಿನ ಒಳಗಿನ ಉಪಾಯನೂ ಅದ, ಅಂಟಿಗೆ ಪುಡಿ ಕೂಡಸೋದು.

ಇನ್ನ ಬಡಿಗ್ಯಾರ ಸರೇಸು. ದನದ ತೊಗಲು, ಎಲಬು ಕುದಿಸಿ ತಗದ ಅಂಟು. ಕಂದು ಬಣ್ಣದ ತುಂಡು ಬರತಿದ್ವು, ಅವನ್ನ ನೀರಾಗ ನೆನಸಿ ಒಲಿ ಮ್ಯಾಲೆ ಕಾಯಿಸಿ ಬಿಸಿ ಬಿಸಿ ಹಚ್ಚಬೇಕು. ಅದರ ವಾಸನಿಗೆ ನಮ್ಮಜ್ಜಿ ಬಡಿಗ್ಯಾನ್ನ ಹಿತ್ತಲಕ್ಕ ಕಳಸತಿದ್ಲು. "ಪೆಟಿಗಿ ಮಾಡಪಾ, ಆದ್ರ ಅದನ್ನ ನನ್ನ ಒಲಿ ಮ್ಯಾಲೆ ಕಾಯಿಸಬ್ಯಾಡ" ಅನ್ನೋಕಿ. ಮೂರು ಕಲ್ಲಿನ ಒಲಿ ಹೊರಗ ಹೂಡಿ ಕೊಡತಿದ್ಲು.

ಹಾಲಿನ ಅಂಟೂ ಇತ್ತು ಅಂದ್ರ ನಂಬ್ತೀರೇನು? ಹಾಲು ಒಡಿಸಿ, ನೀರು ಬಸದು, ಉಳಿದ ಗಟ್ಟಿಗೆ ಸುಣ್ಣ ಕೂಡಿಸಿದ್ರ ಕಟ್ಟಿಗಿ ಹಚ್ಚೋ ಗಟ್ಟಿ ಅಂಟು ಆಗತದ. ಅದಕ್ಕ ಕೇಸಿನ್ ಅಂತಾರ. ಎರಡನೇ ಮಹಾಯುದ್ಧದಾಗ ಇಂಗ್ಲೆಂಡಿನವರು ಮಾಸ್ಕಿಟೊ ಅನ್ನೋ ಪೂರಾ ಕಟ್ಟಿಗಿ ಯುದ್ಧವಿಮಾನ ಕಟ್ಟಿದ್ರು. 1940ರ ನವೆಂಬರದಾಗ ಅದು ಮೊದಲ ಸಲ ಹಾರಿತು. ಮೊದಮೊದಲಿನ ಮಾಸ್ಕಿಟೊಗಳ ಹಲಗಿ ಕೂಡಿದ್ದು ಈ ಹಾಲಿನ ಅಂಟಿನಿಂದ. ಆದ್ರ ಹಾಲು ಅಂದ ಮ್ಯಾಲೆ ಹಾಲ. ತೇವಕ್ಕ, ಬೂಷ್ಟಿಗೆ ಅದು ತಡೀತಿದ್ದಿಲ್ಲ. ಆಮ್ಯಾಲೆ ರಸಾಯನದಿಂದ ಮಾಡಿದ ಏರೋಲೈಟ್ ಅನ್ನೋ ಅಂಟು ಹಚ್ಚಲಿಕ್ಕೆ ಸುರು ಮಾಡಿದ್ರು. ಅದನ್ನ ಮಾಡಿದ್ದು ಕೇಂಬ್ರಿಜ್ ಹತ್ರ ಡಕ್ಸ್‌ಫರ್ಡ್‌ನಾಗಿನ ಏರೋ ರಿಸರ್ಚ್ ಕಂಪನಿ. ನಾರ್ಮನ್ ಡಿ ಬ್ರೂಯ್ನ್ ಅನ್ನೋರು 1934ರಾಗ ಅದನ್ನ ಕಟ್ಟಿದ್ರು. ಈ ಕಂಪನಿ ಹೆಸರು ಇನ್ನೊಮ್ಮೆ ಬರತದ.

ಈಗ ನಮ್ಮ ಎರಡು ಟ್ಯೂಬಿನ ಕತಿ. ಎಪಾಕ್ಸಿ ಹುಟ್ಟಿದ್ದು ವಿಮಾನಕ್ಕಲ್ಲ, ಪೈಪಿಗಲ್ಲ. ಹಲ್ಲಿನ ಸಲುವಾಗಿ!

ಸ್ವಿಟ್ಜರ್‌ಲ್ಯಾಂಡಿನಾಗ ಡಿ ಟ್ರೇ ಅಂತ ಹಲ್ಲಿನ ಡಾಕ್ಟರರ ಸಾಮಾನು ಮಾಡೋ ಕಂಪನಿ ಇತ್ತು. ಅಲ್ಲಿ ಪಿಯರ್ ಕಸ್ತಾಂ ಅನ್ನೋ ರಸಾಯನ ಶಾಸ್ತ್ರಜ್ಞರು 1930ರ ದಶಕದ ಕೊನಿಗೆ ಕಟ್ಟಿಸಿಕೊಳ್ಳೋ ಹಲ್ಲಿನ ಸೆಟ್ಟಿಗೆ ಛಲೋ ವಸ್ತು ಹುಡಕ್ಲಿಕ್ಕೆ ಹತ್ತಿದ್ರು. ಅಚ್ಚಿನಾಗ ಹೊಯ್ದದ್ದು ಗಟ್ಟಿ ಆಗೂ ಮುಂದ ಕುಗ್ಗಬಾರದು. ಕುಗ್ಗಿದ್ರ ಬಾಯಾಗ ಸರೀ ಕೂಡೂದಿಲ್ಲ. ಬಿಸ್ಫಿನಾಲ್-ಎ, ಎಪಿಕ್ಲೋರೋಹೈಡ್ರಿನ್ ಅನ್ನೋ ಎರಡು ರಸಾಯನ ಕೂಡಿಸಿ ಅವರು ಒಂದು ಜೇನಿನಂಥಾ ರಾಳ ಮಾಡಿದ್ರು. ಅದಕ್ಕ ಇನ್ನೊಂದು ವಸ್ತು ಕೂಡಿಸಿ ಕಾಯಿಸಿದ್ರ ಅದು ಕಲ್ಲಾಗತಿತ್ತು, ಕುಗ್ಗೋದೂ ಭಾಳ ಕಡಿಮಿ. ಆದ್ರ ಹಲ್ಲಿನ ವ್ಯಾಪಾರದಾಗ ಅದು ನಡೀಲಿಲ್ಲ. ಬಾಸೆಲ್ ಊರಿನ ಸೀಬಾ ಕಂಪನಿ ಅದರ ಹಕ್ಕು ತಗೊಂಡಿತು. ಹಲ್ಲಿಗೆ ಆಗದಿದ್ದರ ಏನಾತು, ಅದು ಮುಟ್ಟಿದ್ದನ್ನೆಲ್ಲಾ ಹಿಡಕೋತದ ಅನ್ನೋದು ಅವರಿಗೆ ತಿಳದಿತ್ತು. ಯುದ್ಧ ಮುಗದು 1946ರ ಸುಮಾರಿಗೆ ಅರಾಲ್ಡೈಟ್ ಅನ್ನೋ ಹೆಸರಿಲೆ ಅದು ಅಂಟಾಗಿ ಹೊರಗ ಬಂತು. ಆಮ್ಯಾಲೆ ಡಕ್ಸ್‌ಫರ್ಡಿನ ಏರೋ ರಿಸರ್ಚ್ ಕಂಪನಿನೂ ಸೀಬಾದ ಕೈಗೆ ಬಂತು. ಅದ ಹೊತ್ತಿನಾಗ ಅಮೇರಿಕಾದಾಗ ಸಿಲ್ವನ್ ಗ್ರೀನ್‌ಲೀ ಅನ್ನೋರು ಬಣ್ಣದ ಕಂಪನಿಯೊಂದರ ಸಲುವಾಗಿ ಇಂಥಾದ್ದ ರಾಳ ಮಾಡಿದ್ರು. ಎರಡು ದೇಶದಾಗ ಎರಡು ಕಡೆ ಒಂದ ಅಡಗಿ!

ನಮ್ಮವ್ವ ಹಲ್ಲಿನ ಸೆಟ್ ಹಾಕ್ಕೋತಾಳ. ಈ ಕತಿ ಹೇಳಿದಾಗ ಸೆಟ್ ಕೈಯಾಗ ಹಿಡಕೊಂಡು ನಕ್ಕಳು. "ಹಂಗಾರ ಇದು ಮುರದರ ನಿನ್ನ ಟ್ಯೂಬಿಲೆ ಹಚ್ಚು." ಇಲ್ಲವ್ವಾ, ಹಚ್ಚಬಾರದು. ಈಗಿನ ಸೆಟ್ಟು ಮಾಡೋದು ಅಕ್ರಿಲಿಕ್ಕಿನಿಂದ. ಅಂಗಡಿ ಎಪಾಕ್ಸಿ ಬಾಯಾಗ ಹಾಕ್ಕೊಳ್ಳೋ ವಸ್ತು ಅಲ್ಲ. ಕೂದಲೆಳಿಯಷ್ಟು ವಾರಿ ಆದ್ರೂ ವಸಡಿಗೆ ಗಾಯ ಆಗತದ. ಹಲ್ಲಿಗಂತ ಹುಟ್ಟಿದ ಅಂಟು ಹಲ್ಲಿಗೇ ಬ್ಯಾಡಾತು. ಸೆಟ್ ಮುರದರ ಡಾಕ್ಟರ್ ಹತ್ರನ ಒಯ್ಯಬೇಕು.

ಅದು ಯಾಕ ಇಷ್ಟು ಗಟ್ಟಿ ಅಂತ ಅಡಗಿ ಮನಿ ಮಾತಿನಾಗ ಹೇಳತೀನಿ. ಗೋಂದು, ಮೈದಾ ಅಂಟು, ಫೆವಿಕಾಲ್, ಇವೆಲ್ಲಾ ಒಣಗಿ ಹಿಡಿಯೋವು. ಒಳಗಿನ ನೀರು ಹೋದ್ರ ಅಂಟು ಉಳೀತದ. ಅದಕ್ಕ ಫೆವಿಕಾಲ್ ಕಟ್ಟಿಗಿಗೆ, ಕಾಗದಕ್ಕ ಭೇಶ್. ಕಟ್ಟಿಗಿ ನೀರು ಹೀರಕೋತದ. ಗಾಜಿನ ನಡುವ ಹಚ್ಚಿದ್ರ ನೀರಿಗೆ ಹೋಗಲಿಕ್ಕೆ ದಾರಿನ ಇಲ್ಲ, ವಾರ ಆದ್ರೂ ಹಸಿ ಇರತದ. ಅರಗು ಆರಿ ಹಿಡಿಯೋದು, ಬೆಲ್ಲದ ಪಾಕ ಇದ್ದಂಗ, ಮತ್ತ ಕಾಯಿಸಿದ್ರ ಮತ್ತ ಕರಗತದ. ಎಪಾಕ್ಸಿ ಒಣಗೂದೂ ಅಲ್ಲ, ಆರೂದೂ ಅಲ್ಲ. ಒಂದು ಟ್ಯೂಬಿನಾಗ ರೆಸಿನ್ ಇರತದ. ಅದರ ಕಣದ ತುದಿಗೆ ಮೂರು ಮೂಲಿ ಸಣ್ಣ ಉಂಗುರ, ಎರಡು ಇಂಗಾಲ, ಒಂದು ಆಮ್ಲಜನಕ. ಬಿಗದ ಬಿಲ್ಲಿನಂಗ ಅದು ಬಿಚ್ಚಲಿಕ್ಕೆ ಕಾಯತಿರತದ. ಇನ್ನೊಂದು ಟ್ಯೂಬಿನ ಹಾರ್ಡನರ್ ಅದನ್ನ ಬಿಚ್ಚಿ ತನ್ನ ಕೈಗೆ ಗಂಟ ಹಾಕ್ಕೋತದ. ಹಂಗ ಗಂಟಿಗೆ ಗಂಟ ಕೂಡಿ ಪೂರಾ ಒಂದ ಬಲಿ ಆಗತದ. ರೊಟ್ಟಿ ಬೇಸಿದ ಮ್ಯಾಲೆ ಮತ್ತ ಹಿಟ್ಟ ಆಗೂದಿಲ್ಲಲಾ, ಹಂಗ.

ಇಲ್ಲೆ ಒಂದು ತಪ್ಪು ನಾವು ಎಲ್ಲಾರೂ ಮಾಡತೇವಿ. ಹಾರ್ಡನರ್ ಅಂದ್ರ ಹೆಪ್ಪು ಅಂತ ತಿಳಕೋತೇವಿ. ಜಲ್ದಿ ಗಟ್ಟಿ ಆಗಲಿ ಅಂತ ಒಂದೀಟು ಜಾಸ್ತಿ ಹಾಕತೇವಿ. ಇದು ಹೆಪ್ಪು ಅಲ್ಲ. ಹೆಪ್ಪು ಹಾಲನ್ನ ಮೊಸರು ಮಾಡಲಿಕ್ಕೆ ಬರೇ ಸುರು ಹಚ್ಚಿ ಕೊಡತದ, ಆದ್ರ ಹಾರ್ಡನರ್ ತಾನ ಆ ಬಲಿಯೊಳಗ ಅರ್ಧ ನೂಲು. ಜಾಸ್ತಿ ಆದ್ರ ಹಿಡೀಲಿಕ್ಕೆ ಕೈ ಸಿಗದ ನೂಲು ಉಳೀತದ, ಕಡಿಮಿ ಆದ್ರ ರೆಸಿನ್ ಹಸಿ ಉಳೀತದ. ಎರಡೂ ಕಡೆ ಅಂಟು ಜಿಗಿ ಜಿಗಿನ ಇರತದ. ಪಾಕೀಟಿನ ಮ್ಯಾಲೆ ಬರದಷ್ಟ ಹಾಕಬೇಕು. ಮನಿಗೆ ಬರೋ ಟ್ಯೂಬುಗಳೊಳಗ ಹೆಚ್ಚಿನವು ಸಮಾ ಸಮಾ.

ಯುದ್ಧದ ನಂತರ ಇದು ಎಲ್ಲೆಲ್ಲಿ ಹೋತು ನೋಡ್ರಿ. ಆಸ್ಟ್ರೇಲಿಯಾದ ಸಿಡ್ನಿ ಒಪೇರಾ ಹೌಸಿನ ಚಿಪ್ಪಿನಂಥಾ ಛಾವಣಿ ಫೋಟೋದಾಗ ನೋಡೀರಿಲ್ಲೋ. 1973ರಾಗ ಅದು ತೆರೀತು. ಆ ಚಿಪ್ಪಿನ ಒಳಗಿನ ಪಕ್ಕೆಲಬು ಕಾಂಕ್ರೀಟಿನ ತುಂಡು ತುಂಡು ಹೊಯ್ದು ಕೂಡಿಸಿದ್ದು, ತುಂಡಿಗೂ ತುಂಡಿಗೂ ನಡುವ ಇರೋದು ಎಪಾಕ್ಸಿ. ಗದಗಿನ ಗುಡ್ಡದ ಮ್ಯಾಲೆ ತಿರುಗೋ ಗಾಳಿಯಂತ್ರ ನೋಡೀರಿ. ಅಂಥಾ ರೆಕ್ಕಿ ಹೆಚ್ಚಾಗಿ ಗಾಜಿನ ನೂಲಿನ ಬಟ್ಟಿಗೆ ಇಂಥಾ ರಾಳ ಕುಡಿಸಿ ಮಾಡತಾರ. ಕರೆಂಟು ಇದರೊಳಗ ಹಾಯೂದಿಲ್ಲ ಅನ್ನೋ ಸಲುವಾಗಿ ಮೋಟರ್, ಟ್ರಾನ್ಸ್‌ಫಾರ್ಮರ್ ಕೆಲಸಕ್ಕೂ ಬಂತು. ಹಂಗ ನಮ್ಮ ಮಾವನವರ ಅಂಗಡಿಗೆ, ಅಲ್ಲಿಂದ ಪಾವಟಿಗಿ ಏರಿ ನಮ್ಮ ಅಡಗಿ ಮನಿ ಕಿಟಕಿಗೆ.

ನಮ್ಮ ದೇಶದಾಗ ಅಂಟಿನ ಚಹರಾನ ಬದಲಾದದ್ದು 1959ರಾಗ. ಬಲವಂತ ಪಾರೇಖ ಅನ್ನೋ ಗುಜರಾತಿನವರು ವಕೀಲಿ ಕಲ್ತಿದ್ರೂ ಅದನ್ನ ಮಾಡದ, ಮುಂಬಯಿದಾಗ ಫೆವಿಕಾಲ್ ಸುರು ಮಾಡಿದ್ರು. ಬಿಳಿ, ತಣ್ಣಗ, ವಾಸನಿ ಇಲ್ಲ, ಕಾಯಿಸೋದು ಬೇಕಿಲ್ಲ. ಬಡಿಗ್ಯಾರ ಸರೇಸಿನ ಗಡಗಿ ಹಿತ್ತಲದಿಂದ ಹೋತು. ನಮ್ಮಜ್ಜಿಯಂಥಾ ಎಷ್ಟು ಅಜ್ಜಿಯರು ಸಮಾಧಾನದ ಉಸರು ಬಿಟ್ಟಿರಬೇಕು! ಇದ ಕಂಪನಿ, ಪಿಡಿಲೈಟ್, 2000ದಾಗ ಮಹೀಂದ್ರಾದವರ ಕಡಿಂದ ಎಂ-ಸೀಲ್ ತಗೊಂಡಿತು. 2020ರಾಗ ನಮ್ಮ ದೇಶದ ಅರಾಲ್ಡೈಟ್ ವ್ಯಾಪಾರನೂ ತಗೊಂಡಿತು. ಅಂದ್ರ ನಿಮ್ಮ ಡ್ರಾವರಿನಾಗ ಇರೋ ಫೆವಿಕಾಲು, ಫೆವಿಕ್ವಿಕ್ಕು, ಎಂ-ಸೀಲು, ಅರಾಲ್ಡೈಟು, ನಾಲ್ಕೂ ಈಗ ಒಂದ ಮನಿ ಅಕ್ಕ-ತಂಗ್ಯಾರು. ಆದ್ರ ಸ್ವಭಾವ ನಾಲ್ಕೂ ಬ್ಯಾರೆ ಬ್ಯಾರೆ.

ಆ ಒಂದ ಹನಿ ಅಂಟಿನ ಕತಿನೂ ಮಜಾ ಅದ. 1942ರಾಗ ಅಮೇರಿಕಾದ ಕೊಡಾಕ್ ಕಂಪನ್ಯಾಗ ಹ್ಯಾರಿ ಕೂವರ್ ಅನ್ನೋರು ಬಂದೂಕಿನ ಗುರಿ ನೋಡೋ ಸಾಧನಕ್ಕ ಪಾರದರ್ಶಕ ಪ್ಲಾಸ್ಟಿಕ್ ಹುಡುಕೂ ಮುಂದ ಇದು ಕೈಗೆ ಬಂತು. ಮುಟ್ಟಿದ್ದಕ್ಕೆಲ್ಲಾ ಹತ್ತತದ, ಪೀಡಾ ಅಂತ ಬಿಟ್ಟುಬಿಟ್ರು. 1951ರಾಗ ಮತ್ತ ಕೈಗೆ ಹತ್ತಿದಾಗ, ಅರೇ ಇದನ್ನ ಅಂಟು ಅಂತ ಮಾರಬಹುದಲಾ ಅಂತ ಹೊಳೀತು. 1958ರಾಗ ಅಂಗಡಿಗೆ ಬಂತು. ಅದಕ್ಕ ಗಾಳ್ಯಾಗಿನ ತೇವ ಸಾಕು, ಚಿಟಿಕಿ ಹೊಡೆಯೋದ್ರಾಗ ಹಿಡೀತದ. ಆದ್ರ ಸಂದು ತುಂಬೂದಿಲ್ಲ, ಪೆಟ್ಟು ತಡಿಯೂದಿಲ್ಲ, ದಿನಾ ನೀರಾಗ ಇದ್ರ ಸೋಲತದ. ಚೂರು ಸರೀ ಕೂಡೋ ಸಣ್ಣ ಗೊಂಬಿ, ಚಪ್ಪಲಿನ ಎದ್ದ ಅಂಚು, ಅಷ್ಟಕ್ಕ ಅದು.

ಇನ್ನ ಎಪಾಕ್ಸಿ ಆರಿಸೋದು. ಅಂಗಡ್ಯಾಗ ಮೂರು ಥರಾ ಸಿಗತಾವ.

ಒಂದು, ನಿಧಾನದ್ದು. ಕಲಸಿದ ಮ್ಯಾಲೆ ಒಂದು ತಾಸಿನ ಮ್ಯಾಲೂ ಕೈಗೆ ಬಗ್ಗತದ, ಪೂರಾ ಗಟ್ಟಿ ಆಗಲಿಕ್ಕೆ ಒಂದ ದಿನಾ ಬೇಕು. ಕಲ್ಲು, ಕಬ್ಬಿಣ, ಚೀನಿ ಮಣ್ಣು, ಗಾಜು, ಭಾರ ಹೊರೋ ವಸ್ತುಕ್ಕ ಇದ. ದೇವರ ಮನಿ ಆಮಿ ಕಾಲಿಗೆ ನಾ ಇದನ್ನ ಹೇಳಿದೆ. ಮೂರು ಥರದಾಗ ಗಟ್ಟಿ ಹಿಡಿಯೋದು ಇದು.

ಎರಡು, ಐದು ಮಿನಿಟಿಂದು. ಕಲಸೂದರೊಳಗ ಬಿಗೀತದ. ಕೈಲೆ ಹಿಡಕೊಂಡು ನಿಂದರೋದು ತಪ್ಪತದ ಖರೆ, ಆದ್ರ ನೀರಿಗೂ ಕಾವಿಗೂ ನಿಧಾನದ್ದರಷ್ಟು ತಡಿಯೂದಿಲ್ಲ. ಜುಮಕಿ ಹರಳು, ಗಡಿಯಾರದ ಚೌಕಟ್ಟು, ಇಂಥಾದ್ದಕ್ಕ ಸಾಕು. ಬಿಳಿ ಹರಳಿಗೆ ಹಚ್ಚೋರು ಒಂದು ತಿಳಕೊಳ್ರಿ, ಬಿಸಲಿಗೆ ಬಿದ್ದು ಬಿದ್ದು ಎಪಾಕ್ಸಿ ಹಳದಿ ಆಗತದ.

ಮೂರು, ನಾದಿ ಹಚ್ಚೋ ಕಣಕಿನಂಥಾದ್ದು. ಎರಡು ಬಣ್ಣದ ಎರಡು ತುಂಡು, ಸಮಾ ತಗೊಂಡು ಒಂದ ಬಣ್ಣ ಆಗೋ ತನಕ ನಾದಬೇಕು. ಒಳಗ ಪುಡಿ ಇರೋದ್ರಿಂದ ಸಂದು, ತೂತು ತುಂಬತದ. ಕಬ್ಬಿಣದ ಪೈಪು, ನಳದ ಜೋಡು, ಸಿಮೆಂಟ್ ತೊಟ್ಟಿ ಬಿರಕಿಗೆ ಇದು. ಆದ್ರ ಹೋಳಗಿ ಕಣಕ ನಾದಿದಂಗ ಬರಿಗೈಲೆ, ಚಪಾತಿ ಮಣಿ ಮ್ಯಾಲೆ ನಾದಬ್ಯಾಡ್ರಿ. ಹಸಿ ಹಾರ್ಡನರ್ ಚರ್ಮಕ್ಕ ಛಲೋ ಅಲ್ಲ. ಒಮ್ಮೆ ಮೈಗೆ ಒಗ್ಗಲಿಲ್ಲಂದ್ರ ಆಮ್ಯಾಲೆ ಪ್ರತಿ ಸಲ ತುರಸತದ. ನಮ್ಮ ಅಂಗಡ್ಯಾಗ ಕೆಲಸಾ ಮಾಡತಿದ್ದ ಹುಡುಗಗ ಮುಂಗೈ ತುಂಬ ಗುಳ್ಳಿ ಎದ್ದು ಆ ಕೆಲಸಾನ ಬಿಡಬೇಕಾತು. ಕೈಗವಸು ಹಾಕ್ಕೊಳ್ರಿ, ಕಿಟಕಿ ತಗೀರಿ, ಹುಡುಗರನ್ನ ದೂರ ಇಡ್ರಿ. ಕೈಗೆ ಹತ್ತಿದ್ರ ಹಸಿ ಇದ್ದಾಗನ ಸಾಬಾಣ ಹಚ್ಚಿ ತೊಳೀರಿ.

ಹಚ್ಚೋಕಿಂತ ಮೊದಲಿನ ಕೆಲಸದಾಗನ ಅರ್ಧ ಗೆಲವು. ಜಿಡ್ಡು ಇದ್ರ ಯಾವ ಅಂಟೂ ಹಿಡಿಯೂದಿಲ್ಲ, ಅಡಗಿ ಮನಿ ವಸ್ತು ಅಂದ್ರ ಜಿಡ್ಡ ಇರತದ. ಸಾಬಾಣ ಹಚ್ಚಿ ತೊಳದು, ಪೂರಾ ಒಣಗಿಸಿ, ನುಣ್ಣಗಿದ್ದಲ್ಲೆ ಪಾಲಿಶ್ ಪೇಪರಿಲೆ ತಿಕ್ಕಿ ತರಿ ಮಾಡ್ರಿ. ತೆಳ್ಳಗ ಹಚ್ಚಿ ಅಲುಗಾಡದಂಗ ಕಟ್ಟಿ ಇಡ್ರಿ. ಥಂಡಿ ದಿನದಾಗ ರೆಸಿನ್ ಟ್ಯೂಬಿನಿಂದ ಇಳಿಯೂದಿಲ್ಲ, ಮುಚ್ಚಿದ ಟ್ಯೂಬು ಐದು ಮಿನಿಟು ಉಗುರುಬೆಚ್ಚಗಿನ ನೀರಾಗ ಇಡ್ರಿ. ಉಳಿಯೂದಿಲ್ಲಾಂತ ಒಮ್ಮೆಲೇ ವಾಟಗಾ ತುಂಬ ಕಲಸಬ್ಯಾಡ್ರಿ. ಕೂಡೂ ಮುಂದ ಅದಕ್ಕ ತಾನ ಕಾವು ಬರತದ, ದೊಡ್ಡ ಮುದ್ದಿ ಆದ್ರ ಹೊಗಿನೂ ಏಳತದ. ಮತ್ತ ಒಂದ ಮಾತು, ಎರಡೂ ಟ್ಯೂಬಿನ ಟೊಪ್ಪಿಗಿ ಅದಲಬದಲ ಮಾಡಬ್ಯಾಡ್ರಿ. ಟೊಪ್ಪಿಗ್ಯಾಗನ ಎರಡೂ ಕೂಡಿ ಟ್ಯೂಬು ಜನುಮಕ್ಕ ತಗಿಲಿಕ್ಕೆ ಬರೂದಿಲ್ಲ. ನಾ ಎರಡು ಡಬ್ಬಿ ಹಂಗ ಕಳಕೊಂಡೀನಿ.

ಹಿಡಿಯಲಾರದ್ದೂ ಅವ. ಪ್ಲಾಸ್ಟಿಕ್ ಬಕೀಟು, ಮಾಳಗಿ ಮ್ಯಾಲಿನ ಕರೀ ಪ್ಲಾಸ್ಟಿಕ್ ಟಾಕಿ, ನಾನ್‌ಸ್ಟಿಕ್ ತವಾದ ಬಳಪು, ಇವಕ್ಕ ಎಪಾಕ್ಸಿ ಹಚ್ಚಿದ್ರ ಹಪ್ಪಳದಂಗ ಎದ್ದು ಬರತದ. ಅಂಟಿನ ತಪ್ಪಲ್ಲ, ಆ ಪ್ಲಾಸ್ಟಿಕ್ಕಿನ ಸ್ವಭಾವನ ಯಾವದಕ್ಕೂ ಹತ್ತಗೊಡಲಾರದ್ದು.

ಈಗ ಕುಕ್ಕರಿನ ಮಾತು. ಅಜ್ಜನ ಅರಗು ಒಲಿ ಬಾಜೂಕ ಕಳಚತಿತ್ತು ಅಂದೆ. ಎಪಾಕ್ಸಿ ಅರಗಿನಂಗ ಕರಗಿ ಹರಿಯೂದಿಲ್ಲ ಖರೆ, ಆದ್ರ ಮನಿಗೆ ಬರೋ ಸಾದಾ ಎಪಾಕ್ಸಿ ಕುದಿಯೋ ನೀರಿನ ಕಾವಿಗಿಂತ ಎಷ್ಟೋ ಕೆಳಗನ ಮೆತ್ತಗಾಗಲಿಕ್ಕೆ ಹತ್ತತದ. ನೋಡ್ಲಿಕ್ಕೆ ಕಲ್ಲ, ಭಾರ ಬಿದ್ದಾಗ ಕೈಬಿಡತದ. ಕುಕ್ಕರ್ ದಿನಾ ಕಾಯತದ, ಆರತದ, ತುಂಬಿದ ಭಾರ ಹಿಡಕಿ ಮ್ಯಾಲೆ ಬೀಳತದ. ಹತ್ತು ದಿನಾ ತಡದದ್ದ ದೊಡ್ಡದು. ಮಾವನವರು ಇದ್ದಿದ್ರ ನನಗ ಬೈತಿದ್ರು. ಅವರು ಒಲಿಗೆ ಹೋಗೋ ಯಾವ ಭಾಂಡೆಕ್ಕೂ ಅದನ್ನ ಹಚ್ಚಿದ್ದು ನಾ ನೋಡಿಲ್ಲ. ಆದ್ರ ಅದನ್ನ ಅವರು ಬಾಯಿ ಬಿಟ್ಟು ಹೇಳಿದ್ದೂ ಇಲ್ಲ, ನಾ ಕೇಳಿದ್ದೂ ಇಲ್ಲ. ಹಿಡಕಿ ಅಂಗಡ್ಯಾಗ ಬ್ಯಾರೇನ ಸಿಗತದ, ಸ್ಕ್ರೂ ಸಮೇತ. ಆ ಒಂದ ಮಾತು ನಾ ಫೋನಿನಾಗ ಹೇಳಿದ್ರ ಸಾಕಿತ್ತು. ಒಲಿ ಮ್ಯಾಲೆ ಹೋಗೋದಕ್ಕ, ಒತ್ತಡ ಇರೋದಕ್ಕ, ಗ್ಯಾಸಿನ ಪೈಪಿಗೆ, ಬಾಯಾಗ ಹೋಗೋದಕ್ಕ ಮನ್ಯಾಗಿನ ಅಂಟು ಬ್ಯಾಡ. ಬರೇ ಇದೊಂದ ನೆನಪಿಟ್ಟು ಉಳಿದದ್ದು ಮರತರೂ ನಡೀತದ.

ಕಡೀಕ ನಮ್ಮವ್ವನ ಭರಣಿ. ಅಕಿ ಲಗ್ನದಾಗ ತವರಿನಿಂದ ಬಂದ ಚೀನಿ ಮಣ್ಣಿನ ಉಪ್ಪಿನಕಾಯಿ ಭರಣಿ. ಮ್ಯಾಲೆ ಕಂದು, ಕೆಳಗ ಬಿಳಿ. ಹ್ವಾದ ವರ್ಷ ದೀಪಾವಳಿ ಸ್ವಚ್ಛ ಮಾಡೂ ಮುಂದ ನನ್ನ ಕೈಯಿಂದನ ಜಾರಿ ಮೂರು ತುಂಡು ಆತು. ಅವ್ವ ಬೈಯಲಿಲ್ಲ. ತುಂಡು ಆರಿಸಿ ಹಳೇ ಸೀರಿ ಅರಿಬ್ಯಾಗ ಕಟ್ಟಿ ಕಪಾಟಿನ ಕೆಳಗ ಇಟ್ಟಳು. ಮೊದಲ ನಾ ಒಂದ ಹನಿ ಅಂಟು ಹಚ್ಚಿದೆ, ಎರಡನೇ ದಿನಾ ಬಿತ್ತು. ಆಮ್ಯಾಲೆ ಐದು ಮಿನಿಟಿಂದು ಹಚ್ಚಿದೆ, ತಿಂಗಳದಾಗ ಬಿಸಿ ನೀರು ಹಾಕಿ ತೊಳಿಯೂ ಮುಂದ ಸಂದು ಬಿಡ್ತು. ಕಡೀಕ ಹಳೇ ಅಂಟೆಲ್ಲಾ ಕೆರದು, ತೊಳದು, ನಿಧಾನದ್ದು ಹಚ್ಚಿ, ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ ಬಿಗದು ಎರಡು ದಿನಾ ಮುಟ್ಟಲಿಲ್ಲ. ನಿಂತತು. ಬೆರಳಾಡಿಸಿದ್ರ ಮಾತ್ರ ಸಂದು ಗೊತ್ತಾಗತದ.

ಬಾಜೂಮನಿ ವೈನಿ ಬಂದು ನೋಡಿ, "ಈ ಸಲದ ಮಾವಿನಕಾಯಿ ಇದರಾಗ ಹಾಕ್ರಿ ಹಂಗಾರ" ಅಂದ್ರು. ನನಗೂ ಮನಸ್ಸಿತ್ತು. ಆದ್ರ ಉಪ್ಪು, ಹುಳಿ, ಎಣ್ಣಿ ತಿಂಗಳಗಟ್ಟಲೆ ಆ ಸಂದಿಗೆ ತಾಗಿ ನಿಂದರತಾವ. ಅಂಗಡಿ ಎಪಾಕ್ಸಿ ತಿನ್ನೋ ಪದಾರ್ಥಕ್ಕ ತಾಗಲಿಕ್ಕೆ ಅಂತ ಮಾಡಿದ್ದಲ್ಲ. ನಾ ಹೆಂಗ ಹೇಳಲಿ ಅಂತ ವಿಚಾರ ಮಾಡೂದರೊಳಗ ಅವ್ವನ ಅಂದ್ಲು, "ಕೂಡಿಸಿದ್ಯಲಾ, ಸಾಕವಾ. ನಲವತ್ತೆಂಟು ವರ್ಷ ಉಪ್ಪು-ಖಾರ ಹೊತ್ತದ ಅದು. ಇನ್ನ ಆರಾಮ ಕೂಡಲಿ." ಈಗ ಅದರಾಗ ಸೌಟು, ಚಮಚಾ, ಲಟ್ಟಣಿಗಿ ನಿಂತಾವ.

ಹೋದ ತಿಂಗಳು ನಾದಿನಿ ಬಂದಿದ್ಲು. ಭರಣಿ ನೋಡಿ, "ವೈನಿ, ಇದು ಯಾವದ್ರಲೆ ಹಚ್ಚಿದ್ದು?" ಅಂತ ಕೇಳಿದ್ಲು. ನಾ ಹೇಳಿದೆ. ಈ ಸಲ ಒಗ್ಗರಣಿ ಇಳಿಸಿ, ಒಲಿ ಆರಿಸಿ, ಕೂತು ಹೇಳಿದೆ.